ಹೊಸ್ತಿಲ ಹೊರಗೆ ನಿಂತ ಕಾಲು

ಹೋಳಿ ಮುಗಿದು, ರಾಯಚೂರಿನ ಬಿಸಿಲು ತನ್ನ ನಿಜವಾದ ಬುದ್ಧಿ ತೋರಿಸಲು ಶುರು ಮಾಡಿದ್ದ ವಾರ. ನಮ್ಮ ಕೇಂದ್ರದ ಬಾಗಿಲಲ್ಲಿ ಒಬ್ಬ ಹೆಂಗಸು ಎರಡು ಊರುಗೋಲುಗಳ ಮೇಲೆ ನಿಂತಿದ್ದಳು. ವಯಸ್ಸು ನಲವತ್ತರ ಆಚೀಚೆ. ಎಡಗಾಲು ಮೊಣಕಾಲಿನಿಂದ ಒಂದು ಗೇಣು ಕೆಳಗೆ ಮುಗಿದುಹೋಗಿತ್ತು. ಕುರ್ಚಿ ತೋರಿಸಿದರೆ ಕೂರಲಿಲ್ಲ. ನಿಂತೇ ಕೇಳಿದಳು:

“ಸಾಲಿ ಚಾಲೂ ಆಗೂದ್ರಾಗ ನಾ ಒಲಿ ಮುಂದ ನಿಂದರಬೇಕ್ರಿ ಸಿಸ್ಟರ್. ಆಗ್ತದೋ ಇಲ್ಲೋ, ಅಷ್ಟು ಹೇಳಿಬಿಡ್ರಿ.”

ನಾನು ಸಿಸ್ಟರ್ ಅಲ್ಲ. ಕನ್ಯಾಸ್ತ್ರೀಯೂ ಅಲ್ಲ, ನರ್ಸೂ ಅಲ್ಲ. ಕೃತಕ ಕಾಲು ಮಾಡುವುದು ನನ್ನ ಕಸುಬು. ಆದರೆ ಚರ್ಚಿನ ಆವರಣದಲ್ಲಿ ಬಿಳಿ ಕೋಟು ಹಾಕಿಕೊಂಡ ಹೆಂಗಸನ್ನು ಇಲ್ಲಿನ ಜನ ಸಿಸ್ಟರ್ ಎನ್ನದೆ ಬಿಡುವುದಿಲ್ಲ. ಮೊದಮೊದಲು ತಿದ್ದುತ್ತಿದ್ದೆ. ಸಿಸ್ಟರ್‌ಗೆ ಗಂಡ, ಮಕ್ಕಳು ಇದ್ದಾರೆಂದು ಕೇಳಿ ಅವರ ಮುಖ ಪೆಚ್ಚಾಗುವುದನ್ನು ನೋಡಿ ಸುಮ್ಮನಾದೆ.

ಆಕೆ ದೇವದುರ್ಗ ತಾಲ್ಲೂಕಿನವಳು, ಗೂಗಲ್ ಎಂಬ ಊರಿನ ಹತ್ತಿರದ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ಹಿಂದಿನ ಸುಗ್ಗಿಯಲ್ಲಿ ಹತ್ತಿ ಬಿಡಿಸುವಾಗ ಕಾಲಿಗೆ ಹಾವು ಕಚ್ಚಿತ್ತು. ಹಾವು ಎಂಬ ಮಾತನ್ನು ಮಾತ್ರ ಆಕೆ ಒಮ್ಮೆಯೂ ಆಡಲಿಲ್ಲ. “ಹುಳ ಮುಟ್ಟಿತ್ರಿ” ಎಂದಷ್ಟೇ ಅಂದಳು. ಜೀವ ಉಳಿಯಿತು, ಕಾಲು ಕೊಳೆಯಿತು, ಕತ್ತರಿಸಬೇಕಾಯಿತು. ಅಲ್ಲಿಂದ ಆಕೆಯ ಜಾಗದಲ್ಲಿ ಬೇರೊಬ್ಬಳು ಅಡುಗೆ ಮಾಡುತ್ತಿದ್ದಳು. ಬೇಸಿಗೆ ರಜೆ ಮುಗಿದು ಶಾಲೆ ತೆರೆಯುವ ದಿನ ಈಕೆ ಬಂದು ನಿಂತರೆ ಕೆಲಸ ಈಕೆಯದು, ಇಲ್ಲದಿದ್ದರೆ ಆ ಇನ್ನೊಬ್ಬಳದೇ ಕಾಯಂ ಎಂದು ಶಾಲೆಯವರು ಹೇಳಿದ್ದರು. ಗಂಡ ಇಲ್ಲ. ಮನೆಯಲ್ಲಿ ಆಕೆ ಮತ್ತು ಅತ್ತೆ, ಇಬ್ಬರೇ.

“ಆಗ್ತದ,” ಎಂದೆ. ನನಗೆ ನನ್ನ ಕೆಲಸದ ಮೇಲೆ ಭರವಸೆ ಜಾಸ್ತಿ. ಅದು ಗುಣವೋ ದೋಷವೋ, ನನ್ನ ಗಂಡ ಹೇಳುವುದೇ ಬೇರೆ.

ಮೊದಲ ದಿನ ಅಚ್ಚು ತೆಗೆಯುವ ಕೆಲಸ. ಉಳಿದ ಮೋಟುಗಾಲಿಗೆ ತೆಳು ಬಟ್ಟೆಯ ಚೀಲ ತೊಡಿಸಿ, ಎಲ್ಲೆಲ್ಲಿ ಭಾರ ಹೊರಬಲ್ಲದು, ಎಲ್ಲೆಲ್ಲಿ ಮುಟ್ಟಿದರೂ ನೋಯುತ್ತದೆ ಎಂದು ನೀಲಿ ಪೆನ್ಸಿಲಿನಲ್ಲಿ ಗುರುತು ಮಾಡಿಕೊಳ್ಳುತ್ತೇವೆ. ಮಂಡಿಚಿಪ್ಪಿನ ಕೆಳಗೆ ಒಂದು ಗಟ್ಟಿ ಜಾಗವಿದೆ, ಮೈಭಾರವನ್ನು ಹೆಚ್ಚಾಗಿ ಹೊರುವುದು ಅದೇ. ಹೊರಬದಿಯ ಸಣ್ಣ ಎಲುಬಿನ ತಲೆ ಮಾತ್ರ ಬಹಳ ನಾಜೂಕು. ಒದ್ದೆ ಪ್ಲಾಸ್ಟರ್ ಪಟ್ಟಿ ಸುತ್ತಿ, ಅದು ಗಟ್ಟಿಯಾಗುವವರೆಗೆ ಎರಡೂ ಹೆಬ್ಬೆರಳಿನಿಂದ ಮಂಡಿಯ ಕೆಳಗೆ ಒತ್ತಿ ಹಿಡಿಯಬೇಕು. ಆ ಹೊತ್ತಿನಲ್ಲಿ ಮನಸ್ಸಿನಲ್ಲೇ ಒಂದು ಸಣ್ಣ ಪ್ರಾರ್ಥನೆ ಮಾಡುವುದು ನನ್ನ ರೂಢಿ. ಉದ್ದನೆಯದೇನೂ ಅಲ್ಲ. ಈಕೆ ಬೀಳದಿರಲಿ, ಅಷ್ಟೇ.

ಆಕೆ ನನ್ನ ತುಟಿ ಅಲುಗುವುದನ್ನು ಕಂಡುಹಿಡಿದಳು.

“ಏನೋ ಮಣಮಣ ಅನ್ನಾಕತ್ತೀರಿ. ಕಾಲಿಗಿ ನಾ ನಿಮ್ಮ ದೇವ್ರಿಗಿ ಏನ್ ಕೊಡಬೇಕ್ರಿ? ನಮ್ಮೂರಾಗ ಒಬ್ಬೊಬ್ರು ಒಂದೊಂದು ಹೇಳ್ತಾರ.”

“ನಡದು ತೋರಸ್ರಿ, ಸಾಕು. ಉಳಿದದ್ದು ಅವನ ಹತ್ರ ನಾ ಮಾತಾಡ್ಕೊಂತೀನಿ.”

ಆಕೆ ನಕ್ಕಳು. ಪ್ಲಾಸ್ಟರ್ ಕದಲಿತು. ಮತ್ತೆ ಹೊಸದಾಗಿ ಸುತ್ತಬೇಕಾಯಿತು.

ಅಚ್ಚಿನೊಳಗೆ ಪ್ಲಾಸ್ಟರ್ ಹಿಟ್ಟು ಹುಯ್ದರೆ ಆಕೆಯ ಮೋಟುಗಾಲಿನ ಪಡಿಯಚ್ಚು ಸಿಗುತ್ತದೆ. ಭಾರ ಬೀಳಬೇಕಾದ ಕಡೆ ಅದನ್ನು ಕೆರೆದು, ನೋಯುವ ಕಡೆ ಪ್ಲಾಸ್ಟರ್ ಮೆತ್ತಿ ಎತ್ತರಿಸಬೇಕು. ಆಮೇಲೆ ಪ್ಲಾಸ್ಟಿಕ್ ಹಾಳೆಯನ್ನು ಬಿಸಿ ಪೆಟ್ಟಿಗೆಯಲ್ಲಿಟ್ಟು, ಅದು ಗಾಜಿನಂತೆ ಪಾರದರ್ಶಕವಾದ ಕೂಡಲೇ ತೆಗೆದು ಅಚ್ಚಿನ ಮೇಲೆ ಹೊದಿಸಿ, ಯಂತ್ರದಿಂದ ಗಾಳಿ ಎಳೆದು ಅಂಟಿಸಬೇಕು. ನಾಡಿಗೆಲ್ಲ ಕರೆಂಟು ಕೊಡುವ ಜಿಲ್ಲೆ ನಮ್ಮದು. ಹಾಳೆ ಪೆಟ್ಟಿಗೆಯೊಳಗೆ ಹೋದ ಕೂಡಲೇ ಕರೆಂಟು ಹೋಗುವುದೂ ನಮ್ಮಲ್ಲೇ. ಎರಡು ಹಾಳೆ ಹಾಳಾದವು. ಮೂರನೆಯದು ಸರಿಯಾಗಿ ಕೂತಿತು. ಹೀಗೆ ಬಟ್ಟಲು ಸಿದ್ಧವಾಯಿತು. ಮೋಟುಗಾಲು ಕೂರುವ ಭಾಗವನ್ನು ನಾವು ಬಟ್ಟಲು ಎನ್ನುತ್ತೇವೆ.

ಪಾದ ಮಾತ್ರ ನಾವು ಮಾಡುವುದಲ್ಲ. ದೂರದ ಒಂದು ಚಳಿದೇಶದ ಕ್ರೈಸ್ತ ಸಭೆಯವರು ಪ್ರತಿ ವರ್ಷ ಪೆಟ್ಟಿಗೆ ತುಂಬ ಕಳಿಸುತ್ತಾರೆ. ಚೊಕ್ಕ ಕೆಲಸ, ಹಗುರ, ತುಂಬ ದಿನ ಬಾಳುತ್ತವೆ. ಒಂದೇ ಷರತ್ತು: ಅವನ್ನು ಬೂಟಿನ ಹಿಮ್ಮಡಿಯ ಎತ್ತರ ಲೆಕ್ಕ ಹಿಡಿದು ಮಾಡಿರುತ್ತಾರೆ. ಬೂಟು ತೆಗೆದರೆ ಹಿಮ್ಮಡಿ ಕೆಳಗಿಳಿದು ಕಾಲು ಹಿಂದಕ್ಕೆ ವಾಲುತ್ತದೆ, ನಿಂತವರು ಬೆನ್ನಡಿಯಾಗಿ ಬೀಳುತ್ತಾರೆ. ಆದ್ದರಿಂದ ಬಟ್ಟಲಿಗೆ ಪಾದ ಜೋಡಿಸಿ, ಬೂಟು ತೊಡಿಸಿ, ಮಂಡಿಯ ಮೇಲೆ ಚರ್ಮದ ಪಟ್ಟಿ ಬಿಗಿದು, ಎಲ್ಲರಿಗೂ ಹೇಳುವ ಮಾತನ್ನೇ ಆಕೆಗೂ ಹೇಳಿದೆ. ಬೂಟು ಇಲ್ಲದೆ ಈ ಕಾಲು ಹಾಕಬೇಡಿ. ಯಾವ ಕಾರಣಕ್ಕೂ ಬೂಟು ತೆಗೆಯಬೇಡಿ.

“ತಗಿಯಂಗಿಲ್ರಿ,” ಎಂದಳು.

ಎರಡು ಕಂಬಿಗಳ ನಡುವೆ ನಡೆದಳು. ಕಂಬಿ ಬಿಟ್ಟು ನಡೆದಳು. ಅಂಗಳ ದಾಟಿ ಚರ್ಚಿನ ಮೆಟ್ಟಿಲವರೆಗೆ ಹೋಗಿ ಬಂದಳು. ಕೆಲವರು ತಿಂಗಳುಗಟ್ಟಲೆ ‘ಕುಣಿಯಲಾರದವಳು ನೆಲ ಡೊಂಕು ಅಂದಳು’ ಎಂಬಂತೆ ಬಟ್ಟಲನ್ನು, ಪಟ್ಟಿಯನ್ನು, ನನ್ನನ್ನು ಬೈಯುತ್ತಾರೆ. ಈಕೆ ಬೈಯಲಿಲ್ಲ. ಬೆವರು ಒರೆಸಿಕೊಂಡು ಇನ್ನೊಂದು ಸುತ್ತು ಹೊರಟಳು. ಕೇಂದ್ರದಲ್ಲಿ ಅಂದು ಎಲ್ಲರಿಗೂ ಚಹಾ ಆಯಿತು.

ಈಸ್ಟರಿಗೆ ಮುಂಚೆ ಆ ಚಳಿದೇಶದಿಂದ ಒಬ್ಬ ಹಿರಿಯರು ಬಂದರು. ಕಾಲು ಮಾಡುವುದರಲ್ಲಿ ಜೀವಮಾನ ಸವೆಸಿದವರು, ಪಾದಗಳ ಪೆಟ್ಟಿಗೆ ಕಟ್ಟಿಸಿ ಕಳಿಸುವವರೂ ಅವರೇ. ಶುಭ ಶುಕ್ರವಾರದ ಹಿಂದಿನ ದಿನ ನಮ್ಮ ಚರ್ಚಿನಲ್ಲಿ ಫಾದರ್ ಹನ್ನೆರಡು ಜನರ ಪಾದ ತೊಳೆಯುತ್ತಾರೆ. ಆ ಸಲ ಹಿರಿಯರನ್ನೂ ಕೂರಿಸಿದರು. ಅವರು ಬೂಟಿನ ಲೇಸು ಬಿಚ್ಚಲು ತೆಗೆದುಕೊಂಡ ಹೊತ್ತಿಗೆ ಹಾಡಿನ ಇನ್ನೊಂದು ಚರಣ ಹಾಡಬೇಕಾಯಿತು. ಉಳಿದವರ ಚಪ್ಪಲಿಗಳೆಲ್ಲ ಎಂದಿನಂತೆ ಬಾಗಿಲ ಹೊರಗೆ ಗುಡ್ಡೆ ಬಿದ್ದಿದ್ದವು. ಕಣ್ಣೆದುರಿಗೇ ಇದ್ದ ವಿಷಯ. ನನಗೆ ಹೊಳೆಯಲಿಲ್ಲ.

ಹಬ್ಬ ಮುಗಿದ ಮೇಲೆ ದೇವದುರ್ಗದಲ್ಲಿ ಶಿಬಿರವಿತ್ತು. ಹಿರಿಯರೂ ಜೊತೆಗೆ ಹೊರಟರು. ದಾರಿಯ ಕಲ್ಮಲ ಊರಿನಲ್ಲಿ ನಮ್ಮ ಕಾರ್ಯಾಗಾರದ ಸಹೋದ್ಯೋಗಿಯನ್ನು ಜೀಪಿಗೆ ಹತ್ತಿಸಿಕೊಂಡು ಹೋದೆವು. ಶಿಬಿರ ಮುಗಿಸಿ, ಇಲ್ಲಿಯವರೆಗೆ ಬಂದಿದ್ದೇವೆ, ಅಡುಗೆಯಾಕೆಯನ್ನೂ ನೋಡಿಯೇ ಹೋಗೋಣ ಎಂದೆ. ನಿಜ ಹೇಳಬೇಕೆಂದರೆ ನನ್ನ ಕೆಲಸವನ್ನು ಹಿರಿಯರಿಗೆ ತೋರಿಸುವ ಉಮೇದೂ ಇತ್ತು.

ಮನೆಯ ಮುಂದೆ ಜೀಪು ನಿಂತಾಗ ಮೊದಲು ಕಂಡದ್ದು ಆಕೆಯಲ್ಲ, ಕಾಲು. ಹೊಸ್ತಿಲ ಹೊರಗೆ, ಅತ್ತೆಯ ಚಪ್ಪಲಿ ಪಕ್ಕದಲ್ಲಿ, ಬೂಟು ಸಮೇತ ನಿಂತಿತ್ತು. ಧೂಳು ಬೀಳದಂತೆ ಮೇಲೆ ಒಂದು ಹಳೆಯ ಸೀರೆಯ ತುಂಡು ಹೊದಿಸಿದ್ದರು. ಬಾಗಿಲಿನಿಂದ ಬಗ್ಗಿ ನೋಡಿದರೆ, ಆಕೆ ಒಳಗೆ ನೆಲದ ಮೇಲೆ ಕೈಯೂರಿ ತೆವಳುತ್ತ ಒಲೆಯ ಕಡೆ ಹೋಗುತ್ತಿದ್ದಳು.

ನನಗೆ ಸಿಟ್ಟು ಬಂತು. ಮರುಕವೂ ಆಯಿತು, ಆದರೆ ಮೊದಲು ಬಾಯಿಗೆ ಬಂದದ್ದು ಸಿಟ್ಟೇ.

“ಕಾಲು ಯಾಕ ಹಾಕ್ಕೊಂಡಿಲ್ಲ ಅಕ್ಕಾ? ನೋಯ್ತದೇನು?”

“ಇಲ್ರೀ. ಛಲೋ ಅದ. ಅಂಗಡಿಗಿ ಹೋಗ್ತೀನಿ, ನೀರಿಗಿ ಹೋಗ್ತೀನಿ, ದಿನಾ ಹಾಕ್ಕೊಂತೀನಿ. ಮನಿಯಾಗ ಬರೂಮುಂದ ಬಿಚ್ಚಿಡ್ತೀನಿ.”

“ಯಾಕ?”

ಆಕೆ ನನ್ನನ್ನು ಸ್ವಲ್ಪ ಕನಿಕರದಿಂದಲೇ ನೋಡಿದಳು. “ಬೂಟು ತಗೀಬ್ಯಾಡ ಅಂದೀರಿ. ತಗದಿಲ್ಲ ನೋಡ್ರಿ. ಬೂಟು ಹಾಕ್ಕೊಂಡು ಒಲಿ ತನಾ ಹೆಂಗ ಬರ್ಲಿ?”

ಹೇಳಿದ್ದನ್ನು ಇಷ್ಟು ಚಾಚೂ ತಪ್ಪದೆ ಪಾಲಿಸಿದವರು ನನ್ನ ಸರ್ವಿಸಿನಲ್ಲೇ ಬೇರೆ ಯಾರೂ ಇಲ್ಲ.

ಹಾಗಾದರೆ ಶಾಲೆಯ ಅಡುಗೆಮನೆ? ಅಲ್ಲಿಯೂ ಚಪ್ಪಲಿ ಹೊರಗೇ. ಮಕ್ಕಳು ಉಣ್ಣುವ ಅನ್ನ ಅದು, ಅನ್ನದ ಮುಂದೆ ಯಾರೂ ಮೆಟ್ಟಿಕೊಂಡು ಹೋಗುವುದಿಲ್ಲ. “ಮತ್ತ ಅಲ್ಲಿ ಹೆಂಗ ನಿಂದರ್ತೀರಿ?” ಎಂದು ಕೇಳಿದೆ. ಒಂದು ಕೈಯಲ್ಲಿ ಕಟ್ಟೆ ಹಿಡಿದುಕೊಂಡು ಒಂದೇ ಕಾಲಲ್ಲಿ ನಿಂತರಾಯಿತು ಎಂದುಕೊಂಡಿದ್ದಳು. ಮನೆಯಲ್ಲಿ ರೂಢಿ ಮಾಡುತ್ತಿದ್ದಳಂತೆ. ಒಂಟಿಗಾಲು, ಒಂದು ಕೈ, ಎದುರಿಗೆ ಕುದಿಯುವ ಸಾಂಬಾರಿನ ದೊಡ್ಡ ಪಾತ್ರೆ.

ಹಿರಿಯರಿಗೆ ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿದೆ. ಅವರು ಯೋಚಿಸಿ, ಒಳಗೆ ಮಾತ್ರ ಬಳಸಲು ಇನ್ನೊಂದು ಹೊಸ ಬೂಟು ಕೊಡೋಣ, ಅದು ಬೀದಿಯನ್ನೇ ಮುಟ್ಟುವುದಿಲ್ಲವಲ್ಲ ಎಂದರು. ನ್ಯಾಯವಾದ ಮಾತೇ. ಅತ್ತೆಗೆ ತಿಳಿಸಿದೆ. ಬಾಗಿಲ ಪಕ್ಕ ಹೊರಸಿನ ಮೇಲೆ ಕೂತಿದ್ದ ಆ ಮುದುಕಿ ಕೇಳಿಸಿಕೊಂಡು, ಹಿರಿಯರ ಬೂಟುಗಳನ್ನೇ ನೋಡುತ್ತ ನನ್ನನ್ನು ಕೇಳಿದಳು:

“ಯವ್ವಾ, ಅವರೂರಾಗ ದೇವ್ರ ಗುಡಿಗೂ ಬೂಟು ಹಾಕ್ಕೊಂಡಽ ಹೋಗ್ತಾರೇನು?”

ಕೇಳಿದೆ. ಹೌದು, ನಮ್ಮಲ್ಲಿ ನೆಲ ಬಹಳ ತಣ್ಣಗಿರುತ್ತದೆ, ಚರ್ಚಿಗೂ ಬೂಟಿನಲ್ಲೇ ಹೋಗುತ್ತೇವೆ ಎಂದರು.

“ಅಡ್ಡಿಯಿಲ್ಲ,” ಎಂದಳು ಮುದುಕಿ. “ಅವ್ರ ಪದ್ಧತಿ ಅವ್ರಿಗಿ. ಆದ್ರ ಇದು ಅವರೂರ ಕಾಲು ಆತು. ನಮ್ಮ ಮನಿ ಕಾಲಲ್ಲ. ಹೊಸಾ ಬೂಟಾದ್ರೂ ಬೂಟಽ ಅಲ್ಲೇನು? ಮ್ಯಾಲ ತೊಗಲಿನ ಪಟ್ಟಿ ಬ್ಯಾರೆ. ಕೊಟ್ಟವ್ರಿಗಿ ಪುಣ್ಯ ಬರ್ಲಿ, ನಾ ಬ್ಯಾಡ ಅನ್ನಂಗಿಲ್ಲ. ದಿನಾ ಒರಸಿ ಇಡ್ತೀನಿ.”

ಇದನ್ನು ಒಂದು ಮಾತೂ ಬಿಡದೆ ಹಿರಿಯರಿಗೆ ಅನುವಾದಿಸಿ ಹೇಳಿದೆ.

ದೇವದುರ್ಗದ ಬಸ್ ನಿಲ್ದಾಣದ ಎದುರು ಚಹಾ ಕುಡಿಯುತ್ತ ನಾನು ನಿರ್ಧಾರ ಹೇಳಿದೆ. ಆ ಪಾದ ಬಿಚ್ಚುತ್ತೇನೆ. ನಮ್ಮ ದೇಶದಲ್ಲೇ ಮಾಡುವ, ಬರಿಗಾಲಿಗೆಂದೇ ಇರುವ ರಬ್ಬರ್ ಪಾದ ತರಿಸುತ್ತೇನೆ. ಚರ್ಮದ ಪಟ್ಟಿ ತೆಗೆದು ಬೇರೆ ಏನಾದರೂ ಹಾಕುತ್ತೇನೆ. ಶಾಲೆ ತೆರೆಯುವ ಮುಂಚೆ ಮುಗಿಸುತ್ತೇನೆ.

ಹಿರಿಯರು ಒಪ್ಪಲಿಲ್ಲ. ಅವರ ಮಾತಿನಲ್ಲಿ ಹುರುಳಿತ್ತು. ರಬ್ಬರ್ ಪಾದ ಭಾರ, ಜೋಡಣೆಯೆಲ್ಲ ಹೊಸದಾಗಿ ಆಗಬೇಕು. ಚರ್ಮ ಬಿಟ್ಟರೆ ಪಟ್ಟಿ ಜಾರುವ ಭಯ. “ಬಿಸಿ ಪಾತ್ರೆಯ ಮುಂದೆ ಪಟ್ಟಿ ಜಾರಿದರೆ ಯಾರು ಹೊಣೆ?” ಎಂದು ಕೇಳಿದರು. “ಈಗ ಒಂಟಿಗಾಲಲ್ಲಿ ನಿಂತು ಬಿದ್ದರೆ ಯಾರು ಹೊಣೆ?” ಎಂದು ನಾನೂ ಕೇಳಿದೆ. ಕಲ್ಮಲದ ಸಹೋದ್ಯೋಗಿ ನಮ್ಮಿಬ್ಬರ ನಡುವೆ ಬಜ್ಜಿಯ ತಟ್ಟೆ ಸರಿಸಿ, “ಮೊದಲ ತಿನ್ರಿ, ಆಮ್ಯಾಲ ಜಗಳಾಡ್ರಿ,” ಎಂದರು. ಹಿರಿಯರು ಮೆಣಸಿನಕಾಯಿ ಬಜ್ಜಿ ಕಚ್ಚಿದ ಮೇಲೆ ಜಗಳಕ್ಕೆ ಅವರ ಬಾಯಲ್ಲಿ ಜಾಗ ಉಳಿಯಲಿಲ್ಲ.

ಆದರೆ ಪಟ್ಟಿಯ ವಿಷಯದಲ್ಲಿ ಅವರ ಭಯವೇ ನಿಜವಾಯಿತು. ಆಕೆಯನ್ನು ಕೇಂದ್ರಕ್ಕೆ ಕರೆಸಿ, ಮೊದಲು ಶಾಲೆಯ ಚೀಲಗಳಿಗೆ ಹಾಕುವ ನೈಲಾನ್ ಪಟ್ಟಿ ಹಾಕಿ ನೋಡಿದೆವು. ಮೇ ತಿಂಗಳ ರಾಯಚೂರಿನಲ್ಲಿ ಬೆವರಿಗೆ ಕೊರತೆಯೇ? ಅಂಗಳದಲ್ಲಿ ಒಂದು ಸುತ್ತು ಹಾಕುವಷ್ಟರಲ್ಲಿ ಪಟ್ಟಿ ಜಾರಿ, ಕಾಲು ಕಳಚಿ ಆಕೆ ಸಹೋದ್ಯೋಗಿಯ ತೋಳಿಗೆ ಬಿದ್ದಳು. ತೊಡೆಯ ಮೇಲೆ ಕೆಂಪು ಬರೆ. ಹಿರಿಯರು ಬಗ್ಗಿ, ಕಳಚಿದ ಕಾಲನ್ನು ಎತ್ತಿ ಮೇಜಿನ ಮೇಲಿಟ್ಟರು. ಬೈದಿದ್ದರೆ ಚೆನ್ನಾಗಿತ್ತು.

ಆ ಭಾನುವಾರ ಮಾನ್ವಿಯ ತವರಿಗೆ ಹೋಗಿದ್ದೆ. ಮಧ್ಯಾಹ್ನ ಊಟವಾಗಿ ಅಪ್ಪನ ಮಂಚದ ಮೇಲೆ ಉರುಳಿದಾಗ ಕೈಗೆ ನವಾರು ಸಿಕ್ಕಿತು, ಮಂಚಕ್ಕೆ ಹೆಣೆಯುವ ಹತ್ತಿಯ ಅಗಲ ಪಟ್ಟಿ. ನಾನು ಹುಟ್ಟುವ ಮೊದಲಿನಿಂದ ಈ ಮನೆಯವರ ಭಾರವನ್ನೆಲ್ಲ ಹೊತ್ತದ್ದು. ಬೆವರು ಕುಡಿದಷ್ಟೂ ಮೈಗೆ ಅಂಟುತ್ತದೆಯೇ ಹೊರತು ಜಾರುವುದಿಲ್ಲ. ಎದ್ದವಳೇ ಮಾನ್ವಿ ಬಜಾರಿಗೆ ಹೋಗಿ ಒಂದು ಸುರುಳಿ ತಂದೆ. “ಮಲಗಾಕ ಬಂದಾಕಿ ಮಂಚಾನ ಹೊತ್ಕೊಂಡು ಹೊಂಟಂಗಾತು,” ಎಂದು ಅಮ್ಮ ಬಾಗಿಲಲ್ಲೇ ನಕ್ಕಳು.

ನವಾರು ಬೆವರಿಗೆ ಗೆದ್ದಿತು, ನೀರಿಗೆ ಸೋತಿತು. ಅಡುಗೆಮನೆ ಎಂದರೆ ನೀರು. ಒದ್ದೆಯಾದಾಗ ಕುಗ್ಗಿ ತೊಡೆ ಕಚ್ಚಿತು, ಸಡಿಲಿಸಿ ಕಟ್ಟಿದರೆ ಒಣಗಿದ ಮೇಲೆ ಸಡಿಲವಾಗಿಯೇ ಉಳಿಯಿತು. ಎರಡು ದಿನ ಬಕ್ಕಲ್ ಬದಲಿಸಿದೆವು, ಹೊಲಿಗೆ ಬದಲಿಸಿದೆವು. ಕೊನೆಗೆ ಜಂಪರು ಹೊಲಿಸಲು ಕೊಟ್ಟ ಯಾವ ಹೆಂಗಸಿಗೂ ಗೊತ್ತಿರುವ ಉಪಾಯವನ್ನೇ ಮಾಡಿದೆ: ಹೊಲಿಯುವ ಮೊದಲು ಲೈನಿಂಗ್ ಬಟ್ಟೆಯನ್ನು ನೆನೆಸಿ ಒಣಗಿಸುವುದು. ನವಾರನ್ನು ಬಿಸಿನೀರಿನಲ್ಲಿ ನೆನೆಸಿ, ಬಿಸಿಲಿಗೆ ಹಾಕಿ, ಮತ್ತೆ ನೆನೆಸಿ, ಅದರ ಕುಗ್ಗುವ ಹಟವನ್ನೆಲ್ಲ ಮೊದಲೇ ಮುಗಿಸಿಬಿಟ್ಟೆವು. ಆಮೇಲೆ ಎರಡು ಪದರ ಮಾಡಿ ಹೊಲಿದು, ಮಂಡಿಚಿಪ್ಪಿನ ಮೇಲೆ ಕೂರುವಂತೆ ಬಟ್ಟಲಿನ ಎರಡೂ ಬದಿಗೆ ರಿವೆಟ್ ಹೊಡೆದೆವು. ಒದ್ದೆ ಮಾಡಿದರೂ ಅಷ್ಟೇ, ಒಣಗಿದರೂ ಅಷ್ಟೇ. ನಾನು ಸಂತೋಷದಿಂದ ಚೀರಿದ್ದು ಚರ್ಚಿನ ಆಫೀಸಿನವರೆಗೆ ಕೇಳಿಸಿತಂತೆ.

ಅಷ್ಟರಲ್ಲಿ ರಬ್ಬರ್ ಪಾದ ಬಂದಿತ್ತು. ಬೆರಳು, ಉಗುರು ಎಲ್ಲ ಇದ್ದ ಕಂದು ಪಾದ. ಅದನ್ನು ಜೋಡಿಸುವ ದಿನ ಹಿರಿಯರು ಕರೆಯದೆಯೇ ಬಂದು ಎದುರು ಕುಳಿತರು. ತೂಗುಗುಂಡಿನ ದಾರ ಹಿಡಿದು, ಕಾಲು ಎಷ್ಟು ಮುಂದೆ ವಾಲಿದೆ, ಎಷ್ಟು ಹಿಂದೆ ಎಂದು ಹೇಳುತ್ತ ಹೋದರು, ನಾನು ಬೋಲ್ಟು ತಿರುಗಿಸುತ್ತ ಹೋದೆ. ಬಟ್ಟಲಿನ ಹಿಂಬದಿಯ ಅಂಚನ್ನು ಸ್ವಲ್ಪ ಇಳಿಸಿ ಉಜ್ಜಿದೆವು, ಆಕೆ ನೆಲದ ಮೇಲೆ ಕೂತು ತರಕಾರಿ ಹೆಚ್ಚಬೇಕಲ್ಲ. ಬೋಲ್ಟಿನ ತೂತಿಗೆ ನೀರು ಇಳಿಯದಂತೆ ರಬ್ಬರ್ ದ್ರಾವಣ ತುಂಬಿ ಮುಚ್ಚಿದ್ದು ಹಿರಿಯರ ಸಲಹೆ. “ಆ ಪೆಟ್ಟಿಗೆಯ ಪಾದಗಳನ್ನು ಬೂಟು ಹಾಕಿ ಕೆಲಸಕ್ಕೆ ಹೋಗುವವರಿಗೆ ಕೊಡಿ,” ಎಂದರು. “ಮುಂದಿನ ಸಲ ಕಳಿಸುವ ಮೊದಲು ಏನು ಬೇಕೆಂದು ಕೇಳುತ್ತೇನೆ.” ಅವರ ಮೇಲೆ ನನಗಿದ್ದ ಗೌರವ ಅಂದು ದುಪ್ಪಟ್ಟಾಯಿತು. ಕೊಡುವ ಕೈಗೆ ಕೇಳುವ ಬಾಯಿಯೂ ಇರುವುದು ಅಪರೂಪ. ಆ ವಾರದಲ್ಲೇ ಅವರು ತಮ್ಮ ದೇಶಕ್ಕೆ ಹೊರಟರು.

ಕೊನೆಯ ಪರೀಕ್ಷೆ ನಾನೇ ಇಟ್ಟೆ. ನಮ್ಮ ಕೇಂದ್ರದ ಅತಿ ದೊಡ್ಡ ಪಾತ್ರೆಗೆ ನೀರು ತುಂಬಿಸಿ, ಉದ್ದನೆಯ ಸೌಟು ಕೊಟ್ಟು, ನೆಲಕ್ಕೆಲ್ಲ ನೀರು ಚೆಲ್ಲಿ, ಕಲಕಿ ಎಂದೆ. ಬಿದ್ದರೆ ಹಿಡಿಯಲು ನಾನು ಮಗ್ಗುಲಲ್ಲೇ ನಿಂತೆ. ಆಕೆ ಬರಿಗಾಲಲ್ಲಿ, ಎರಡೂ ಪಾದ ಊರಿ, ಎರಡೂ ಕೈಯಲ್ಲಿ ಸೌಟು ಹಿಡಿದು ಆ ಬರಿ ನೀರನ್ನು ಅನ್ನದಂತೆ ತಳದಿಂದ ತಿರುವಿ ಹಾಕಿದಳು.

“ಉಪ್ಪು ಕಡಿಮಿ ಅದ್ರಿ,” ಎಂದಳು.

ಶಾಲೆ ತೆರೆಯುವ ದಿನ ನಾನು ಬೆಳಗಿನ ಬಸ್ಸು ಹಿಡಿದು ಹೋದೆ. ಹೋಗಲೇಬೇಕೆಂದೇನೂ ಇರಲಿಲ್ಲ. ಆದರೆ ಪಟ್ಟಿ ಜಾರಿದ ಆ ದಿನ ಕಣ್ಣಿಗೆ ಕಟ್ಟಿತ್ತು, ಮನೆಯಲ್ಲಿ ಕೂರಲು ಆಗಲಿಲ್ಲ. ಶಾಲೆಯ ಬಾಗಿಲಿಗೆ ಮಾವಿನ ತೋರಣ ಕಟ್ಟಿದ್ದರು. ಅಡುಗೆಮನೆಯ ಮುಂದೆ ಆಕೆಯ ಅತ್ತೆ, ಜೊತೆಗೆ ಅಡುಗೆ ಮಾಡುವ ಇನ್ನಿಬ್ಬರು ಹೆಂಗಸರು, ಹೆಡ್ ಮಾಸ್ತರು. ಎಲ್ಲರೂ ದೂರದಲ್ಲಿ ಬರುತ್ತಿದ್ದ ಆಕೆಯ ಸೀರೆಯ ಅಂಚಿನ ಕೆಳಗೆ ನೋಡುತ್ತಿದ್ದರು.

ಆಕೆ ದಾರಿಯ ಮಣ್ಣು ತುಳಿಯುತ್ತ, ಬರಿಗಾಲಲ್ಲೇ ಬಂದಳು. ಅಡುಗೆಮನೆಯ ಹೊಸ್ತಿಲ ಹತ್ತಿರ ನಿಂತಳು. ಬಕೆಟ್ಟಿನಿಂದ ತಂಬಿಗೆಯಲ್ಲಿ ನೀರು ಮೊಗೆದು ಮೊದಲು ಬಲಗಾಲಿಗೆ ಹುಯ್ದುಕೊಂಡಳು. ಆಮೇಲೆ ಎಡಗಾಲಿಗೆ. ಹೊಲದಿಂದ, ಸಂತೆಯಿಂದ ಬಂದ ಯಾರೇ ಆದರೂ ಮಾಡುವಂತೆ ಬಲಗಾಲಿನ ಹಿಮ್ಮಡಿಯಿಂದ ಆ ರಬ್ಬರ್ ಪಾದದ ಮೇಲಿನ ಮಣ್ಣು ಉಜ್ಜಿದಳು. ಅದಕ್ಕೆ ಇಡೀ ಮೈಭಾರವನ್ನು ನಾನು ಮಾಡಿದ ಕಾಲಿನ ಮೇಲೆ ಬಿಟ್ಟು ನಿಂತಿದ್ದಳು. ಆಕೆಗೆ ಅದರ ಪರಿವೆಯೇ ಇರಲಿಲ್ಲ. ನನಗಿತ್ತು.

ಮತ್ತೊಂದು ತಂಬಿಗೆ ನೀರು ಹುಯ್ದುಕೊಂಡು, ಒದ್ದೆ ಪಾದಗಳಲ್ಲಿ ಹೊಸ್ತಿಲು ದಾಟಿ ಒಳಗೆ ಹೋದಳು. ಸಿಮೆಂಟು ನೆಲದ ಮೇಲೆ ಎರಡು ಹೆಜ್ಜೆಗುರುತು ಮೂಡಿದವು. ಮುದುಕಿ ಬಗ್ಗಿ ನೋಡಿದಳು. ಎರಡಕ್ಕೂ ಐದೈದು ಬೆರಳು.

“ಈಗ ಆತು ನೋಡು ನಮ್ಮ ಮನಿ ಕಾಲು,” ಎಂದಳು, ಯಾರಿಗೆಂದಿಲ್ಲ.

ಮಧ್ಯಾಹ್ನದ ಗಂಟೆಗೆ ಇನ್ನೂ ಹೊತ್ತಿತ್ತು. ನಾನು ಹೊರಗೆ ಬೇವಿನ ಗಿಡದ ನೆರಳಲ್ಲಿ ಕೂತು ಒಳಗಿನ ಸೌಟಿನ ಸಪ್ಪಳ ಕೇಳುತ್ತಿದ್ದೆ. ಹೊತ್ತು ಕಳೆದ ಮೇಲೆ ಆಕೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು. ಕೈಯಲ್ಲಿ ತುಂಬಿದ ತಂಬಿಗೆ.

“ಅಲ್ಲೇ ಯಾಕ ಕುಂತೀರಿ ಅಕ್ಕಾ? ಅನ್ನ ಆಗ್ಯಾದ. ಚಪ್ಪಲಿ ಅಲ್ಲೇ ಬಿಟ್ಟು, ಕಾಲು ತೊಳ್ಕೊಂಡು ಒಳಗ ಬರ್ರಿ.”

ಚಪ್ಪಲಿ ಬಿಟ್ಟು ಹೋದೆ. ನೀರನ್ನು ನನ್ನ ಪಾದಕ್ಕೆ ಆಕೆಯೇ ಹುಯ್ದಳು.